ಅಶ್ವಹೃದಯ

ಪೆಟ್ರೋಲ್ ಬಂಕಿನಲ್ಲಿ ಪೈಪನ್ನು ಕೈಯಲ್ಲಿ ಹಿಡಿದು ನಿಂತಿರುವ ಹುಡುಗನು, ನನ್ನ ಕಡೆಗೆ ಪೂರ್ತಿಯಾಗಿ ತಿರುಗುವ ಶ್ರಮವನ್ನೂ ವಹಿಸದೆ, "ನಾರ್ಮಲ್ಲಾ, ಪವರ್ರಾ ಸಾರ್?" ಎಂದು ಕೇಳುತ್ತಾನಲ್ಲ, ಆ ಪ್ರಶ್ನೆಯಷ್ಟು ನನ್ನನ್ನು ಮುಜುಗರಕ್ಕೆ ಗುರಿಮಾಡುವ ಪ್ರಶ್ನೆ ಲೋಕದಲ್ಲಿ ಇನ್ನೊಂದಿರಲಾರದು. "ನಾರ್ಮಲ್" ಎಂದೆನೋ, ಹಿಂದೆ ಸಾಲುಗಟ್ಟಿ ನಿಂತ ಸ್ಕೂಟರಿನವರೆಲ್ಲರ ಎದುರಿಗೆ ನನ್ನ ಅರವತ್ತೆರಡು ವರ್ಷಗಳ ಸಾಧಾರಣತ್ವವನ್ನು ನಾನೇ ಬಾಯಿಬಿಟ್ಟು ಒಪ್ಪಿಕೊಂಡಂತೆ. "ಪವರ್" ಎಂದೆನೋ, ಬಾಗಿಲು ಹಾಕಿದರೆ ಚಕ್ಕುಲಿ ಡಬ್ಬದ ಮುಚ್ಚಳದಂತೆ ಸದ್ದುಮಾಡುವ ನನ್ನ ಹಳೆಯ ಪುಟ್ಟ ಕಾರಿನ ಮೇಲೆ ಅವನ ದೃಷ್ಟಿ ಒಂದು ಕ್ಷಣ ಹರಿದು, ಮುಗುಳ್ನಗೆಯೊಂದು ತುಟಿಯಂಚಿಗೆ ಬಂದು ನಿಲ್ಲುವುದನ್ನು ಸಹಿಸಬೇಕು. ನಾನು ಗಂಟಲು ಸರಿಮಾಡಿಕೊಳ್ಳುತ್ತಿರುವಷ್ಟರಲ್ಲಿ ಅವನೇ ನಾರ್ಮಲ್ಲೆಂದು ನಿಶ್ಚಯಿಸಿ, "ಝೀರೋ ನೋಡ್ಕೊಳಿ ಸಾರ್" ಎನ್ನುತ್ತಾನೆ. ನೋಡುತ್ತೇನೆ. ಆ ಸೊನ್ನೆಯನ್ನು ನೋಡುವುದರಲ್ಲಿ ದೇವಸ್ಥಾನದ ಮಂಗಳಾರತಿಯನ್ನು ನೋಡುವಾಗಿನ ಶ್ರದ್ಧೆಯೂ ಇದೆ, ಅಷ್ಟೇ ಅನ್ಯಮನಸ್ಕತೆಯೂ ಇದೆ. ನೋಡಿದೆನೋ ಇಲ್ಲವೋ ಎಂಬ ಸಂಶಯ ಹುಟ್ಟುವ ಹೊತ್ತಿಗೆ ಯಂತ್ರವು ಇನ್ನೂರು ರೂಪಾಯಿಯನ್ನು ದಾಟಿರುತ್ತದೆ.

ನನ್ನ ಅಕ್ಕನ ಮಗನಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅವನೇ ಬಂಕಿಗೆ ಮುಂಚಿತವಾಗಿ ಫೋನು ಮಾಡಿ, "ಹಂಡ್ರೆಡ್ ಇದೆಯಾ?" ಎಂದು ವಿಚಾರಿಸಿ, ಇದೆಯೆಂದು ಖಾತ್ರಿಯಾದ ಮೇಲೆ ಮನೆ ಬಿಡುವವನು. ಹಂಡ್ರೆಡ್ ಎಂದರೆ ನೂರು ಆಕ್ಟೇನಿನ ಪೆಟ್ರೋಲು. ೨೦೨೦ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಎಕ್ಸ್‌ಪಿ ೧೦೦ ಎಂಬ ಹೆಸರಿನಿಂದ ಅದನ್ನು ದೆಹಲಿಯೇ ಮೊದಲಾದ ಹತ್ತು ನಗರಗಳಲ್ಲಿ ಮಾರಾಟಕ್ಕಿಟ್ಟಾಗ ದೆಹಲಿಯಲ್ಲಿ ಲೀಟರಿಗೆ ೧೬೦ ರೂಪಾಯಿ, ಎಂದರೆ ಸಾಧಾರಣ ಪೆಟ್ರೋಲಿನ ಹೆಚ್ಚುಕಡಿಮೆ ಎರಡರಷ್ಟು ಬೆಲೆ. ಅನಂತರ ಅದು ಬೆಂಗಳೂರಿಗೂ ಬಂದಿತೆಂಬ ಸುದ್ದಿ ನಮ್ಮ ಹುಡುಗನಿಗೆ, ನೆಂಟರ ಮನೆಯಲ್ಲಿ ಗಂಡುಮಗು ಹುಟ್ಟಿದ ಸುದ್ದಿ ಹಿಂದಿನವರಿಗೆ ತಲುಪುತ್ತಿದ್ದಷ್ಟು ಬೇಗ ತಲುಪಿತು. ಅವನ ಕಾರು ೨೦೧೭ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಅವನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಹೊರಗಿನಿಂದ ನೋಡಿದರೆ ಬ್ಯಾಂಕಿನ ಮ್ಯಾನೇಜರರು ಕಛೇರಿಗೆ ಓಡಿಸಿಕೊಂಡು ಹೋಗುವ ಮರ್ಯಾದಸ್ಥ ಕಾರು, ಒಳಗೆ ೨೩೦ ಅಶ್ವಶಕ್ತಿಯ ಇಂಜಿನ್ನು. ಆಕ್ಟೇವಿಯಾ ಎಂಬ ಹೆಸರಿಗೂ ಆಕ್ಟೇನ್ ಎಂಬ ಹೆಸರಿಗೂ ಮೂಲದಲ್ಲಿರುವುದು ಎಂಟು ಎಂಬ ಒಂದೇ ಶಬ್ದ, ನಮ್ಮ ಅಷ್ಟಕ್ಕೆ ಅದು ದಾಯಾದಿ, ಆಕ್ಟೇನಿನ ಅಣುವಿನಲ್ಲಿ ಎಂಟು ಇಂಗಾಲದ ಪರಮಾಣುಗಳಿರುವುದರಿಂದ ಅದಕ್ಕೆ ಆ ನಾಮಧೇಯ ಎಂದು ನಾನು ಒಮ್ಮೆ ಅವನಿಗೆ ವಿವರಿಸಿದೆ. "ಹೌದಾ ಮಾಮ" ಎಂದನು. ಮೂವತ್ತೈದು ವರ್ಷ ಮೇಷ್ಟರಾಗಿದ್ದವನಿಗೆ ಅಂಥ "ಹೌದಾ"ದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕೈದು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಫೋನು ಮಾಡಿ, "ನೋಡೋ, ಇರೋ ಕಾರು ಸಾಲದಂತೆ ಇವನಿಗೆ. ಅದರ ಇಂಜಿನ್ನಿಗೆ ರೀಮ್ಯಾಪೋ ಏನೋ ಮಾಡಿಸ್ತಾನಂತೆ. ವಾರಂಟಿ ಬೇರೆ ಮುಗಿದಿದೆ, ಕೆಟ್ಟರೆ ಯಾರು ನೋಡ್ತಾರೆ? ನೀನಾದ್ರೂ ಸ್ವಲ್ಪ ಬುದ್ಧಿ ಹೇಳು" ಎಂದಳು. ನನ್ನ ಬುದ್ಧಿವಾದದಿಂದ ನಮ್ಮ ಬಂಧುವರ್ಗದಲ್ಲಿ ಈವರೆಗೆ ಯಾರೂ ಕೆಟ್ಟಿಲ್ಲ, ಏಕೆಂದರೆ ಯಾರೂ ಅದನ್ನು ಕೇಳಿಲ್ಲ. ಆದರೂ ಅಕ್ಕನ ಮಾತನ್ನು ಮೀರಲಾರದೆ, ಮಿತವ್ಯಯ, ಸಂತೃಪ್ತಿ ಮುಂತಾದ ವಿಷಯಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಅವರ ಮನೆಗೆ ಹೋದೆ. ಹುಡುಗ ನನಗೆ ಕಾಫಿ ಕೊಟ್ಟು, ನಾನು ಪೀಠಿಕೆ ಹಾಕುವ ಮೊದಲೇ, "ಮಾಮ, ಆಕ್ಟೇನ್ ಅಂದ್ರೆ ಏನು ಹೇಳಿ ನೋಡೋಣ" ಎಂದನು.

"ಶಕ್ತಿ" ಎಂದೆ.

"ಎಲ್ಲರೂ ಹಾಗೇ ತಿಳ್ಕೊಂಡಿರೋದು. ಅದು ಪವರ್ ಅಲ್ಲ ಮಾಮ, ಪೇಶನ್ಸು."

ತಾಳ್ಮೆ! ಪೆಟ್ರೋಲಿಗೆ ತಾಳ್ಮೆಯೆಂಬ ಗುಣವುಂಟೆಂದೂ ಅದನ್ನು ಅಂಕೆಗಳಲ್ಲಿ ಅಳೆದು ಬಂಕಿನ ಫಲಕದ ಮೇಲೆ ಬರೆಯುತ್ತಾರೆಂದೂ ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅವನು ವಿವರಿಸಿದನು. ಗಾಳಿಯೊಡನೆ ಬೆರೆತ ಪೆಟ್ರೋಲನ್ನು ಪಿಸ್ಟನ್ನು ಸಿಲಿಂಡರಿನೊಳಗೆ ಕೆಳಗಿನಿಂದ ಒತ್ತುತ್ತ ಬರುತ್ತದೆ. ಒತ್ತಿದಷ್ಟೂ ಅದು ಕಾಯುತ್ತದೆ. ಪಿಸ್ಟನ್ನು ತುತ್ತತುದಿಯನ್ನು ಮುಟ್ಟುವುದಕ್ಕೆ ತುಸು ಮುಂಚೆ ಪ್ಲಗ್ಗಿನಿಂದ ಕಿಡಿ ಹಾರುತ್ತದೆ. ಮುಂಚೆಯೇ ಏಕೆಂದರೆ, ಜ್ವಾಲೆ ಈ ಮೂಲೆಯಿಂದ ಆ ಮೂಲೆಗೆ ಹಬ್ಬಿ ಒತ್ತಡವು ಉಚ್ಛ್ರಾಯಕ್ಕೇರುವುದಕ್ಕೂ ಒಂದಿಷ್ಟು ಕಾಲ ಬೇಕು. ತಾಳದ ಆವರ್ತ ಆರಂಭವಾಗುವುದಕ್ಕೆ ಮೊದಲೇ ಸಾಹಿತ್ಯವನ್ನು ಎತ್ತಿಕೊಳ್ಳುವ ಅತೀತ ಎಡುಪಿನಂತೆ ಎಂದು ನಾನು ನನ್ನ ಅನುಕೂಲಕ್ಕೆ ಅರ್ಥಮಾಡಿಕೊಂಡೆ. ಹೀಗೆ ಜ್ವಾಲೆ ಕ್ರಮವಾಗಿ ಹಬ್ಬುತ್ತಿರುವಾಗ, ಅದಿನ್ನೂ ತಲುಪದ ಮೂಲೆಯಲ್ಲಿರುವ ಅನಿಲವು ಒತ್ತಡವನ್ನೂ ಶಾಖವನ್ನೂ ತಡೆಯಲಾರದೆ, ತನ್ನ ಸರದಿ ಬರುವ ಮೊದಲೇ ತಾನಾಗಿ ಭಗ್ಗೆಂದು ಹೊತ್ತಿಕೊಂಡರೆ ಅದೇ ನಾಕಿಂಗ್. ಹೊರಗೆ ಕೇಳುವವರಿಗೆ ಟಕಟಕ, ಒಳಗೆ ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆಯ ಪೆಟ್ಟು. ಆ ದುಡುಕನ್ನು ತಡೆದುಕೊಳ್ಳುವ ಗುಣಕ್ಕೆ ಆಕ್ಟೇನ್ ಅಳತೆಗೋಲು.

ಅವನು ಹೇಳುತ್ತಿದ್ದುದು ಇಂಜಿನ್ನಿನ ಸಂಗತಿ. ನನ್ನ ಮನಸ್ಸು ಆಗಲೇ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನಕ್ಕೆ ಹೋಗಿಬಿಟ್ಟಿತ್ತು. ರಾಮೋತ್ಸವದ ಕಛೇರಿ, ನನಗೆ ಹದಿನಾಲ್ಕು ವರ್ಷ, ತಂದೆಯವರ ಪಕ್ಕದಲ್ಲಿ, ಚಪ್ಪರದಡಿಯಲ್ಲಿ, ಸಂಗೀತವನ್ನು ತಿಳಿದವನೆಂದು ತೋರಿಸಿಕೊಳ್ಳಬೇಕೆಂಬ ಉತ್ಕಟವಾದ ಹಂಬಲವನ್ನು ಹೊತ್ತು ಕುಳಿತಿದ್ದೆ. ತನಿ ಆವರ್ತನ ಮುಗಿಯುತ್ತ ಬಂದಿತ್ತು. ಮೃದಂಗದವರು ಮುಕ್ತಾಯವನ್ನು ಒಮ್ಮೆ ನುಡಿಸಿದರು, ಎರಡನೆಯ ಸಲ ನುಡಿಸಿದರು. ಅದು ಮೂರು ಸಲ ಬರಬೇಕೆಂಬುದು ನನಗೆ ತಿಳಿಯದ ವಿಷಯವೇನಲ್ಲ, ಆದರೆ ಒಳಗಿನ ಒತ್ತಡವನ್ನು ತಾಳಲಾರದೆ ನನ್ನ ಕೈಗಳು ತಾವಾಗಿ ಚಪ್ಪಾಳೆ ತಟ್ಟಿಬಿಟ್ಟವು. ಅಷ್ಟು ಸಾವಿರ ಜನರ ನಡುವೆ ಒಬ್ಬನೇ ಒಬ್ಬನ ಚಪ್ಪಾಳೆ! ಮೃದಂಗದವರು ನನ್ನತ್ತ ತಿರುಗಿ ನೋಡಿದರೆಂದು ಆಗ ನನಗೆ ತೋರಿತು. ಅಷ್ಟು ದೂರದಿಂದ ಅದು ಅಸಂಭವವೆಂದು ಈಗ ತಿಳಿಯುತ್ತದೆ. ತಂದೆಯವರು ಏನನ್ನೂ ಆಡಲಿಲ್ಲ. ವೇದಿಕೆಯಿಂದ ಕಣ್ಣನ್ನು ಕೀಳದೆಯೇ ತಮ್ಮ ಎಡಗೈಯನ್ನು ನನ್ನ ಮೊಣಕಾಲಿನ ಮೇಲಿಟ್ಟು, ಮೆಲ್ಲನೆ, ಆದರೆ ಮರೆಯಲಾಗದಂತೆ ಅದುಮಿದರು.

ಆಧುನಿಕ ಇಂಜಿನ್ನಿಗೂ ಇಂಥದೊಂದು ಕೈ ಇದೆಯಂತೆ. ಇಂಜಿನ್ನಿನ ಮೈಗೆ ಬಿಗಿದ ನಾಕ್ ಸೆನ್ಸರ್ ಎಂಬ ಸಣ್ಣದೊಂದು ಸ್ಫಟಿಕ, ಒಳಗಿನ ಕಂಪನವನ್ನು ಸದಾ ಆಲಿಸುತ್ತಿದ್ದು, ಎಲ್ಲಿಯಾದರೂ ದುಡುಕಿನ ಸದ್ದು ಕೇಳಿಸಿತೆಂದರೆ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತದೆ, ಎಂದರೆ ರಿಟಾರ್ಡ್ ಮಾಡುತ್ತದೆ. ಇಂಜಿನ್ನು ಉಳಿಯುತ್ತದೆ, ಆದರೆ ಶಕ್ತಿ ಕುಂದುತ್ತದೆ. ಕೋಟೆ ಹೈಸ್ಕೂಲಿನ ಆ ರಾತ್ರಿಯಿಂದ ನಾನು ಸಹ ರಿಟಾರ್ಡ್ ಆದವನೇ. ಅಂದಿನಿಂದ ಈವರೆಗೆ ಯಾವ ಸಭೆಯಲ್ಲಿಯೂ ಹತ್ತು ಜನ ಚಪ್ಪಾಳೆ ತಟ್ಟುವ ಮುಂಚೆ ನಾನು ತಟ್ಟಿದವನಲ್ಲ. ನಗುವ ಪ್ರಸಂಗದಲ್ಲಿ ಇತರರು ನಕ್ಕು ಮುಗಿಸಿದ ಮೇಲೆ ನಗುತ್ತೇನೆ. ಬಡ್ತಿಗೆ ಅರ್ಜಿ ಹಾಕಬೇಕೆಂದು ಎದ್ದು ಹೊರಡುವ ಹೊತ್ತಿಗೆ ಕೊನೆಯ ದಿನ ಕಳೆದಿರುತ್ತಿತ್ತು.

ಇನ್ನೊಂದು ತಪ್ಪೊಪ್ಪಿಗೆಯನ್ನೂ ಇಲ್ಲಿಯೇ ಮುಗಿಸಿಬಿಡುವುದು ಮೇಲು. ಬಂಕಿನ ಹುಡುಗನ ಮೇಲಿನ ಹಟಕ್ಕೆ ಒಮ್ಮೆ ನಾನೂ "ಪವರ್" ಎಂದು ಗಟ್ಟಿಯಾಗಿ ಹೇಳಿ, ದುಬಾರಿ ಪೆಟ್ರೋಲನ್ನು ಹಾಕಿಸಿಕೊಂಡು ಹೊರಬಿದ್ದಿದ್ದೆ. ಕಾರು ಹೂವಿನಂತೆ ಹಗುರವಾಗಿ ಓಡಿತು. ಅಕ್ಕನ ಮಗನಿಗೆ ಅದನ್ನು ಬಣ್ಣಿಸಿದಾಗ ಅವನು, "ಮಾಮ, ಅವತ್ತೇ ಟೈರಿಗೆ ಗಾಳಿ ತುಂಬಿಸಿದ್ರಲ್ವಾ?" ಎಂದು ಕೇಳಿದನು. ತುಂಬಿಸಿದ್ದು ನಿಜ. ನನ್ನಂಥವನ ಕಾರಿನ ಇಂಜಿನ್ನು ಪೆಟ್ರೋಲನ್ನು ಒತ್ತುವುದೇ ಮೃದುವಾಗಿ. ಅದಕ್ಕೆ ಬೇಕಾದ ತಾಳ್ಮೆ ಸಾಧಾರಣ ಪೆಟ್ರೋಲಿನಲ್ಲಿಯೇ ಧಾರಾಳವಾಗಿರುವಾಗ ಮೇಲಿನದೆಲ್ಲ ಬೋಳುತಲೆಗೆ ಮಲ್ಲಿಗೆಯ ದಂಡೆ. ಟರ್ಬೊ ಇರುವ ಇಂಜಿನ್ನಾದರೋ ಗಾಳಿಯನ್ನು ತುರುಕಿ ತುಂಬಿ ಒತ್ತುತ್ತದೆ. ಅದಕ್ಕೆ ಈ ಪೆಟ್ರೋಲಿನಿಂದ ಪ್ರಯೋಜನವುಂಟು. ಅಲ್ಲಿಯೂ, ಪೆಟ್ರೋಲು ಒಳ್ಳೆಯದಾಯಿತೆಂಬ ಸಂಗತಿಯನ್ನು ಯಾರಾದರೂ ಇಂಜಿನ್ನಿಗೆ ಹೋಗಿ ಹೇಳಬೇಕು. ಹೇಳದಿದ್ದರೆ ಅದು ಕಂಪೆನಿಯವರು ಬರೆದುಕೊಟ್ಟ ಪಟ್ಟಿಯ ಮೇರೆಯನ್ನು ಮೀರುವುದಿಲ್ಲ. ಆ ಪಟ್ಟಿಯಾದರೂ ರಾಜಸ್ಥಾನದ ಮೇ ತಿಂಗಳ ಬಿಸಿಲಿಗೂ, ಕಲಬೆರಕೆಯ ಪೆಟ್ರೋಲಿಗೂ, ನನ್ನಂಥ ಚಾಲಕರಿಗೂ ಒಗ್ಗುವಂತೆ, ಅಪಾಯಕ್ಕೆ ಹೆದರಿ ಹೆದರಿ ಬರೆದದ್ದು. ಅದನ್ನು ತಿದ್ದಿ ಬರೆಯುವುದೇ ರೀಮ್ಯಾಪ್.

ತಾಳ್ಮೆಯನ್ನು ಅಳೆಯುವ ಕೋಲನ್ನು ೧೯೨೬ರ ಸುಮಾರಿಗೆ ರೂಪಿಸಿದವನು ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ. ಐಸೋ ಆಕ್ಟೇನ್ ಎಂಬ ಸಹನಾಮೂರ್ತಿಯನ್ನು ಅವನು ನೂರೆಂದಿಟ್ಟನು. ಹೆಪ್ಟೇನ್ ಎಂಬ, ಮುಟ್ಟಿದರೆ ಸಿಡಿಯುವ ಸ್ವಭಾವದ ದ್ರವವನ್ನು ಸೊನ್ನೆಯೆಂದಿಟ್ಟನು. ನಾಲ್ಕೈದು ವರ್ಷಗಳ ಹಿಂದೆ ನಮ್ಮಲ್ಲಿ ದೊರೆಯುತ್ತಿದ್ದ ಸಾಧಾರಣ ಪೆಟ್ರೋಲು ೯೧ ಎಂದರೆ, ೯೧ ಪಾಲು ಆ ಸಹನಾಮೂರ್ತಿಯನ್ನೂ ೯ ಪಾಲು ಈ ದೂರ್ವಾಸನನ್ನೂ ಬೆರೆಸಿದರೆ ಎಷ್ಟು ತಾಳ್ಮೆ ಉಳಿದೀತೋ ಅಷ್ಟು. ಈ ಹೆಪ್ಟೇನು ಎಡ್ಗರನ ದಿನಗಳಲ್ಲಿ ದೊರೆಯುತ್ತಿದ್ದುದು ಕ್ಯಾಲಿಫೋರ್ನಿಯದ ಬೆಟ್ಟಗಳ ಜೆಫ್ರಿ ಪೈನ್ ಎಂಬ ಮರದ ರಾಳದಿಂದ. ಟರ್ಪೆಂಟೈನ್ ತೆಗೆಯುವವರು ಬೇರೆ ಮರವೆಂದು ಭ್ರಮಿಸಿ ಈ ಮರದ ರಾಳವನ್ನು ಬಟ್ಟಿಗೆ ಹಾಕಿದರೆ ಬಟ್ಟಿಯೇ ಸಿಡಿದುಹೋಗುತ್ತಿತ್ತಂತೆ. ಬಂಕಿನ ಹುಡುಗ "ಝೀರೋ ನೋಡ್ಕೊಳಿ" ಎಂದಾಗ ಈಚೀಚೆಗೆ ನನಗೆ ಆ ಮರದ ನೆನಪಾಗುತ್ತದೆ. ಆದುದರಿಂದ ಸೊನ್ನೆಯನ್ನು ನೋಡುವುದು ಈಗ ಇನ್ನಷ್ಟು ತಪ್ಪಿಹೋಗುತ್ತಿದೆ.

ನಾಕಿಂಗಿನ ಸದ್ದು ನನಗೆ ಹೊಸದೇನಲ್ಲ. ನಮ್ಮ ಸೋದರಮಾವನವರ ಬಳಿ ಒಂದು ಫಿಯಟ್ ಕಾರಿತ್ತು. ಧರ್ಮಸ್ಥಳಕ್ಕೆ ಹೋಗಿ ಹಿಂದಿರುಗುವಾಗ ಶಿರಾಡಿ ಘಾಟಿಯ ಏರಿನಲ್ಲಿ, ಏಳು ಜನ ದೊಡ್ಡವರನ್ನೂ ನಾಲ್ಕು ಜನ ಮಕ್ಕಳನ್ನೂ ಒಂದು ಹಲಸಿನ ಹಣ್ಣನ್ನೂ ಹೊತ್ತ ಆ ಕಾರು, ಸಾಸಿವೆಯ ಒಗ್ಗರಣೆ ಸಿಡಿದಂತೆ ಟಕಟಕನೆ ಸದ್ದುಮಾಡತೊಡಗಿತು. ಅತ್ತೆ ಹಲಸಿನ ಹಣ್ಣನ್ನು ದೂಷಿಸಿದರು, ಮಾವ ಅತ್ತೆಯ ತಂಗಿಯ ಸಂಸಾರವನ್ನು ಮನಸ್ಸಿನಲ್ಲಿಯೇ ದೂಷಿಸಿದರು. ಹೇಗೋ ಸಕಲೇಶಪುರವನ್ನು ಮುಟ್ಟಿದೆವು. ಅಲ್ಲಿ ಒಂದು ತಗಡಿನ ಮಾಡಿನ ಕೆಳಗೆ ಗ್ಯಾರೇಜು ಇಟ್ಟುಕೊಂಡಿದ್ದ ವೃದ್ಧ ಸಾಬರು ಬೀಡಿಯನ್ನು ಪಕ್ಕಕ್ಕಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದರು. "ಅಡ್ವಾನ್ಸ್ ಜಾಸ್ತಿ ಆಗೈತೆ ಸ್ವಾಮಿ, ಈ ಪೆಟ್ರೋಲಿಗೆ ತಡಿಯಾಕಿಲ್ಲ" ಎಂದು, ಡಿಸ್ಟ್ರಿಬ್ಯೂಟರಿನ ಕೆಳಗಿನ ಬೋಲ್ಟನ್ನು ಸಡಿಲಿಸಿ, ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ವೀಣೆಯ ಬಿರಡೆಯನ್ನು ತಿರುಗಿಸುವಂತೆ ಒಂದು ಕೂದಲೆಳೆಯಷ್ಟು ತಿರುಗಿಸಿದರು, ಮತ್ತೆ ಕೇಳಿದರು, ಇನ್ನೊಂದೆಳೆ, ಬೋಲ್ಟನ್ನು ಬಿಗಿದರು. ಎರಡು ರೂಪಾಯಿ ಕೊಟ್ಟೆವು. ಅದೂ ರೀಮ್ಯಾಪೇ ಆಗಿತ್ತೆಂದು ತಿಳಿಯಲು ನನಗೆ ಐವತ್ತು ವರ್ಷ ಹಿಡಿಯಿತು.

ಅಕ್ಕನ ಮಗನ ಬತ್ತಳಿಕೆಯಲ್ಲಿ ಇನ್ನೂ ಒಂದು ಬಾಣವಿತ್ತು. ೧೯೪೦ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಯುದ್ಧ ನಡೆದಾಗ, ಸ್ಪಿಟ್‌ಫೈರ್ ವಿಮಾನಗಳ ಮರ್ಲಿನ್ ಇಂಜಿನ್ನುಗಳಿಗೆ ೮೭ ಆಕ್ಟೇನಿನ ಬದಲು ೧೦೦ ಆಕ್ಟೇನಿನ ಪೆಟ್ರೋಲು ಸಿಕ್ಕಿತೆಂದೂ, ಆದರೆ ಬರಿದೆ ಅದನ್ನು ಹೊಯ್ದು ಸುಮ್ಮನಿರದೆ, ಗಾಳಿಯನ್ನು ತುಂಬುವ ಒತ್ತಡದ ಮಿತಿಯನ್ನು ಚದರ ಅಂಗುಲಕ್ಕೆ ಆರೂಕಾಲು ಪೌಂಡಿನಿಂದ ಹನ್ನೆರಡಕ್ಕೆ ಏರಿಸಿದ್ದರಿಂದ, ಐದು ನಿಮಿಷಗಳ ಮಟ್ಟಿಗೆ ಮುನ್ನೂರರ ಹತ್ತಿರ ಅಶ್ವಶಕ್ತಿ ಹೆಚ್ಚಿಗೆ ದೊರೆಯಿತೆಂದೂ ಹೇಳಿದನು. ತಾಳ್ಮೆಯನ್ನು ಹೆಚ್ಚಿಸಿಕೊಂಡದ್ದರ ಚರಿತ್ರೆಯೆಲ್ಲ ಇಷ್ಟು ಉಜ್ಜ್ವಲವಾದುದಲ್ಲ. ೧೯೨೧ರಲ್ಲಿ ಥಾಮಸ್ ಮಿಜ್‌ಲಿ ಎಂಬುವನು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಿದರೆ ನಾಕಿಂಗ್ ನಿಲ್ಲುವುದೆಂದು ಕಂಡುಹಿಡಿದು, ಆ ಸೀಸದ ವಿಷಕ್ಕೆ ತಾನೇ ಮೊದಲಿಗರಲ್ಲಿ ಒಬ್ಬನಾಗಿ ಕಾಯಿಲೆ ಬಿದ್ದು, ಆದರೂ ಅದನ್ನು ಮಾರಿದನು. ನಮ್ಮ ದೇಶದ ಬಂಕುಗಳಿಂದ ಅದು ತೊಲಗಲು ೨೦೦೦ನೆಯ ಇಸವಿ ಬರಬೇಕಾಯಿತು. ಇಂಜಿನ್ನುಗಳಿಗೆ ಸಹನೆಯನ್ನು ಕಲಿಸುವ ಭರದಲ್ಲಿ ನಾವು ಎಂಥದನ್ನೆಲ್ಲ ಉಸಿರಾಡಿದೆವು! ಹೀಗೆ ಮಾತು ಎಲ್ಲೆಲ್ಲಿಗೋ ಹೋಗಿ, ಮಿತವ್ಯಯವನ್ನೂ ಸಂತೃಪ್ತಿಯನ್ನೂ ಕುರಿತ ನನ್ನ ಉಪನ್ಯಾಸ ಕಾಫಿಯ ಲೋಟದೊಡನೆ ತಣ್ಣಗಾಯಿತು. ಮುಂದಿನ ಶನಿವಾರ ಗ್ಯಾರೇಜಿಗೆ ನಾನೂ ಬರುತ್ತೇನೆಂದು ಒಪ್ಪಿ ಎದ್ದೆ. ಬಾಗಿಲಲ್ಲಿ ಅಕ್ಕ ಕಣ್ಣಿನಲ್ಲಿಯೇ "ಹೇಳಿದೆಯಾ?" ಎಂದಳು. ನಾನೂ ಕಣ್ಣಿನಲ್ಲಿಯೇ ಏನೋ ಹೇಳಿದೆ.

ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ, ಲೇತ್ ಕಾರ್ಖಾನೆಯೊಂದರ ಪಕ್ಕದಲ್ಲಿ ಆ ಗ್ಯಾರೇಜು. ಒಳಗೆ ನೆಲದಲ್ಲಿ ಹೂತಿಟ್ಟ ಎರಡು ಉರುಳೆಗಳು. ಅವುಗಳ ಮೇಲೆ ಕಾರಿನ ಮುಂದಿನ ಚಕ್ರಗಳನ್ನು ನಿಲ್ಲಿಸಿ, ಲಾಳ ಹೊಡೆಯುವುದಕ್ಕೆ ಎತ್ತನ್ನು ಬಿಗಿಯುವಂತೆ ನಾಲ್ಕು ಕಡೆಯಿಂದಲೂ ಪಟ್ಟಿಗಳಿಂದ ಬಿಗಿದರು. ಎದುರಿಗೆ ಆಳೆತ್ತರದ ಫ್ಯಾನು. ಇದಕ್ಕೆ ಡೈನೋ ಎಂದು ಹೆಸರು. ಕಾರು ಇದ್ದಲ್ಲಿಯೇ ಓಡುತ್ತದೆ, ಅದರ ಶಕ್ತಿಯನ್ನು ಯಂತ್ರ ಅಳೆಯುತ್ತದೆ. ಸಾಬರ ಸ್ಥಾನದಲ್ಲಿ ಇಲ್ಲಿ ಇಪ್ಪತ್ತೆಂಟರ ಒಬ್ಬ ತರುಣ, ಸ್ಕ್ರೂಡ್ರೈವರಿನ ಸ್ಥಾನದಲ್ಲಿ ಲ್ಯಾಪ್‌ಟಾಪು. ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ತಂತಿಯನ್ನು ಸಿಕ್ಕಿಸಿ ಅವನು ಮೊದಲು ಹಳೆಯ ಪಟ್ಟಿಯನ್ನು ಓದಿಕೊಂಡನು. "ಹಳೇದು ಸೇವ್ ಮಾಡಿಟ್ಟಿದೀನಿ ಅಂಕಲ್, ಬೇಡ ಅಂದ್ರೆ ವಾಪಸ್ ಹಾಕ್ಬೋದು" ಎಂದು ನನಗೆ ಧೈರ್ಯ ಹೇಳಿದನು. ನನ್ನ ಮುಖದಲ್ಲಿ ಅಕ್ಕನ ಛಾಯೆ ಕಂಡಿತೋ ಏನೋ. ಪರದೆಯ ಮೇಲೆ ಪಂಚಾಂಗದ ಪುಟದಂತೆ ಮನೆಮನೆಯಾಗಿ ಅಂಕೆಗಳು. ಅಡ್ಡಕ್ಕೆ ಇಂಜಿನ್ನಿನ ಮೇಲಿನ ಭಾರ, ಉದ್ದಕ್ಕೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು, ಅವೆರಡೂ ಕೂಡಿದ ಮನೆಯಲ್ಲಿ ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರಬೇಕೆಂಬ ಆಜ್ಞೆ; ಟರ್ಬೊ ಎಷ್ಟು ಗಾಳಿಯನ್ನು ತುರುಕಬೇಕೆಂಬುದಕ್ಕೆ ಇನ್ನೊಂದು ಪುಟ.

ಹಳೆಯ ಪಟ್ಟಿಯಲ್ಲಿ ಒಂದು ಓಟ. ಗ್ಯಾರೇಜಿನ ತಗಡುಗಳೆಲ್ಲ ನಡುಗಿದವು. ಚಕ್ರದಲ್ಲಿ ಅಳೆದ ಶಕ್ತಿ ೨೦೪. ಅಷ್ಟು ಹೊತ್ತಿಗೆ ಬರಿದಾಗಿದ್ದ ಟ್ಯಾಂಕಿಗೆ ಹಂಡ್ರೆಡ್ ಹೊಯ್ದು, ತರುಣನು ಅಂಕೆಗಳನ್ನು ಒಂದೊಂದಾಗಿ ತಿದ್ದುತ್ತ, ಓಡಿಸುತ್ತ, ಆರಲು ಬಿಡುತ್ತ, ಮತ್ತೆ ತಿದ್ದುತ್ತ ಹೋದನು. ನನಗೆ ಅತ್ಯಂತ ಹಿತವಾದದ್ದು ಅವನ ಸಾವಧಾನ. ನಾಲ್ಕನೆಯ ಓಟವಾದ ಮೇಲೆ ಗೀಟುಗಳನ್ನು ದಿಟ್ಟಿಸಿ ನೋಡಿ, "ಮೂರನೇ ಸಿಲಿಂಡರ್ ಯಾಕೋ ಗೊಣಗ್ತಾ ಇದೆ" ಎಂದು ಒಂದೂವರೆ ಡಿಗ್ರಿಯನ್ನು ಹಿಂದಕ್ಕೆ ತೆಗೆದನು. ಅಕ್ಕನ ಮಗ ಇನ್ನಷ್ಟು ಶಕ್ತಿಯನ್ನು ಬಯಸಿದಾಗ, "ಇಂಜಿನ್ ಕೊಡುತ್ತೆ, ಗೇರ್‌ಬಾಕ್ಸ್ ಕೇಳಲ್ಲ" ಎಂದು ಅಲ್ಲಿಗೇ ನಿಲ್ಲಿಸಿದನು. ಕೊನೆಯ ಓಟದಲ್ಲಿ ಚಕ್ರದಲ್ಲಿ ೨೬೧. ನಡುವೆ ಗೇರ್‌ಬಾಕ್ಸು ಮುಂತಾದವು ನುಂಗಿದ್ದನ್ನು ಕೂಡಿಸಿಕೊಂಡರೆ ಇಂಜಿನ್ನಿನಲ್ಲಿ ಮುನ್ನೂರರ ಆಸುಪಾಸು ಎಂದನು.

ಮುನ್ನೂರು ಕುದುರೆಗಳು ಎಂದಾಗ ನನಗೆ ಬಾಹುಕನ ನೆನಪಾಯಿತು. ರಾಜ್ಯವನ್ನು ಕಳೆದುಕೊಂಡು, ಕುರೂಪಿಯಾಗಿ, ಋತುಪರ್ಣನ ಬಳಿ ಸಾರಥಿಯಾಗಿದ್ದ ನಳನು, ದಮಯಂತಿಯ ಎರಡನೆಯ ಸ್ವಯಂವರದ ವಾರ್ತೆ ಬಂದಾಗ ಲಾಯದಿಂದ ಆರಿಸಿ ತಂದದ್ದು ಬಡಕಲಾಗಿ ಕಾಣುವ ಕುದುರೆಗಳನ್ನು. ರಾಜನು ಆಕ್ಷೇಪಿಸಿದನು, ಬಾಹುಕನು ಅವನ್ನೇ ಹೂಡಿದನು. ಅವನಿಗೆ ಅಶ್ವಹೃದಯವೆಂಬ ವಿದ್ಯೆ ಗೊತ್ತಿತ್ತು. ರಥ ಎಷ್ಟು ವೇಗವಾಗಿ ಹೋಯಿತೆಂದರೆ, ಋತುಪರ್ಣನ ಉತ್ತರೀಯ ಗಾಳಿಗೆ ಹಾರಿ ಕೆಳಗೆ ಬಿದ್ದಾಗ ಅವನು "ನಿಲ್ಲಿಸು, ತರಿಸೋಣ" ಎಂದರೆ, ಅದು ಆಗಲೇ ಒಂದು ಯೋಜನದಷ್ಟು ಹಿಂದೆ ಉಳಿಯಿತೆಂದು ಬಾಹುಕ ಹೇಳುತ್ತಾನೆ. ಆಗ ರಾಜನು ತನ್ನ ವಿದ್ಯೆಯನ್ನು ಮೆರೆಯಿಸಬೇಕೆಂದು ದಾರಿಯ ತಾರೆಯ ಮರದ ಎಲೆಗಳನ್ನೂ ಕಾಯಿಗಳನ್ನೂ ನೋಡಿದ ಮಾತ್ರದಿಂದಲೇ ಎಣಿಸಿ ಹೇಳುತ್ತಾನೆ. ಕೊನೆಗೆ ಇಬ್ಬರೂ ವಿದ್ಯೆಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ, ಕುದುರೆಯ ಹೃದಯಕ್ಕೆ ಅಂಕೆಯ ಹೃದಯ. ನನ್ನ ಎದುರಿಗಿದ್ದ ತರುಣನಲ್ಲಿ ಆ ಎರಡೂ ಒಟ್ಟಿಗೆ ಇದ್ದವು. ಇದನ್ನು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅವನು ಜಿಎಸ್‌ಟಿ ಸಹಿತವಾದ ಬಿಲ್ಲನ್ನು ಬರೆಯುತ್ತಿದ್ದುದರಿಂದ, ಎಂದಿನಂತೆ, ತಡವಾಯಿತು.

ನೋಡಿಯೇ ಬಿಡೋಣವೆಂದು ನೆಲಮಂಗಲದ ಕಡೆಗೆ, ಟೋಲು ಕೊಟ್ಟು, ಖಾಲಿಯಾಗಿ ಬಿದ್ದಿದ್ದ ರಸ್ತೆಗೆ ಕಾರನ್ನು ಬಿಟ್ಟನು. ಒಂದು ಕಡೆ ಅವನು ಪಾದವನ್ನು ಒತ್ತಿದನೆಂದು ತೋರುತ್ತದೆ. ಸದ್ದೇನೂ ಅಷ್ಟಾಗಿ ಆಗಲಿಲ್ಲ. ಆಸನದ ಬೆನ್ನು ಮಾತ್ರ ನನ್ನ ಬೆನ್ನನ್ನು ಬಲವಾಗಿ ಒತ್ತಿತು, ಕನ್ನಡಕ ಮೂಗಿನ ಬುಡಕ್ಕೆ ಸರಿಯಿತು, ತಂದೆಯವರ ಕೈ ಮೊಣಕಾಲಿನ ಮೇಲೆ ಇಲ್ಲದಿರುವುದು ಅನುಭವಕ್ಕೆ ಬಂದಿತು. ಅದು ನಾಲ್ಕು ಸೆಕೆಂಡುಗಳಿಗಿಂತ ಹೆಚ್ಚಿರಲಾರದು. "ಮೆಲ್ಲಗೆ" ಎಂಬ ಮಾತು ನನ್ನ ಬಾಯಿಂದ ಹೊರಡುವ ಹೊತ್ತಿಗೆ ಅವನು ವೇಗವನ್ನು ತಗ್ಗಿಸಿ, ಎಡಕ್ಕೆ ಬಂದು, ಹಾಡಿನ ಪೆಟ್ಟಿಗೆಯನ್ನು ಸರಿಮಾಡುತ್ತಿದ್ದನು.

ಹಿಂದಿರುಗುವಾಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡೆವು. ಮುಂದೆ ಒಂದು ಸಿಮೆಂಟಿನ ಲಾರಿ, ಹಿಂದೆ ಒಂದು ಸಿಟಿ ಬಸ್ಸು, ಪಕ್ಕದಲ್ಲಿ ಟೊಮೆಟೊ ತುಂಬಿದ ಟೆಂಪೊ. ಮುನ್ನೂರು ಕುದುರೆಗಳೂ ತಲೆ ತಗ್ಗಿಸಿ ನಿಂತಿದ್ದವು. ಸೆಕೆಯೆಂದು ನಾನು ಕಿಟಕಿಯ ಗಾಜನ್ನು ಇಳಿಸಿದೆನೋ ಇಲ್ಲವೋ, ಮುಂದೆ ಇಟ್ಟಿದ್ದ ಬಂಕಿನ ರಸೀತಿ ಗಾಳಿಗೆ ಎದ್ದು ಹೊರಕ್ಕೆ ಹಾರಿತು. "ಅಯ್ಯೋ, ನಿಲ್ಸೋ" ಎಂದೆ.

"ನಿಂತೇ ಇದೆ ಮಾಮ. ಬೇಗ ಎತ್ಕೊಳಿ, ಅಮ್ಮನ ಕೈಗೆ ಸಿಗಬಾರದು ಅದು."

ಬಾಗಿಲು ತೆರೆದು ಇಳಿದೆ. ರಸೀತಿ ಟೆಂಪೊದ ಹಿಂದಿನ ಚಕ್ರದ ಬಳಿ, ಒಡೆದ ಟೊಮೆಟೊ ಒಂದರ ಪಕ್ಕದಲ್ಲಿ ಬಿದ್ದಿತ್ತು. ಸೊಂಟವನ್ನು ಹಿಡಿದುಕೊಂಡು ಬಗ್ಗಿ ಎತ್ತಿಕೊಂಡೆ, ಒರೆಸಿದೆ, ಮೊತ್ತವನ್ನು ಓದಿದೆ, ಇನ್ನೊಮ್ಮೆ ಓದಿದೆ. ಹಿಂದಿರುಗಿ ನೋಡಿದರೆ ಕಾರು ಬಿಟ್ಟಲ್ಲಿಯೇ ಇತ್ತು. ರಸೀತಿಯನ್ನು ನಾಲ್ಕಾಗಿ ಮಡಿಸಿ ನನ್ನ ಜೇಬಿನಲ್ಲಿಯೇ ಇಟ್ಟುಕೊಂಡು, ಒಳಗೆ ಬಂದು ಕುಳಿತು, ಬಾಗಿಲು ಹಾಕಿದೆ.